ಪಿಕ್ಚರ್ ಹಳೇದಾತು, ಹಾಡು ಆಗಿಲ್ಲ

ಗಣೇಶೋತ್ಸವದ ಮಂಟಪದಲ್ಲಿ ಪರದೆ ಕಟ್ಟಿ ಹಳೆ ಸಿನಿಮಾ ತೋರಿಸುವ ಬೆಳಗಾವಿಯ ಮಂಡಳದವರಾಗಲಿ, ಅದನ್ನೇ ಹಾಕಲು ಯೂಟ್ಯೂಬ್ ಚಾನೆಲ್ ತೆರೆದ ಬಾಗಲಕೋಟೆಯ ಹುಡುಗರಾಗಲಿ, ಹೇಳುವ ಮಾತು ಒಂದೇ: "ಐವತ್ತ ವರ್ಷ ದಾಟೇತ್ರೀ ವಕೀಲ್ರ, ಇನ್ನ ಯಾರ್ ಕೇಳ್ತಾರ?" ಕೇಳುವವರಿದ್ದಾರೆ. ಚಿತ್ರದ ಕಾಪಿರೈಟಿಗೆ ಐವತ್ತು ವರ್ಷದ ಲೆಕ್ಕ ಕಾಪಿರೈಟ್ ಕಾಯ್ದೆಯ 1992ರ ತಿದ್ದುಪಡಿಗೇ ಮುಗಿಯಿತು, ಈಗ ಅರವತ್ತು. ಅದೂ ಬಿಡುಗಡೆಯಾದ ದಿನದಿಂದಲ್ಲ, ಮರುವರ್ಷದ ಜನವರಿ 1ರಿಂದ. ಸೆನ್ಸಾರ್ ಪತ್ರ ಡಿಸೆಂಬರಿನದಿದ್ದು ಚಿತ್ರ ತೆರೆ ಕಂಡದ್ದು ಜನವರಿಯಲ್ಲಾದರೆ ಪೂರ್ತಿ ಒಂದು ವರ್ಷದ ಅಂತರ. ಸಿ.ಡಿ. ಹೊದಿಕೆಯ ಮೇಲಿನ ಇಸವಿಯನ್ನಂತೂ ನಂಬಬೇಡಿ. ಆ ಕಾಲದ ಪತ್ರಿಕೆಯ ಜಾಹೀರಾತು ಹುಡುಕಿ.

ಇಷ್ಟು ಬೇಗ ತಿಳಿಯುತ್ತದೆ. ತಲೆಗೆ ಹೋಗದಿರುವುದು ಮುಂದಿನದು. ಒಂದು ಚಿತ್ರದೊಳಗೆ ಹಲವು ಕಾಪಿರೈಟ್ ಇರುತ್ತವೆ, ಒಂದೊಂದಕ್ಕೂ ಒಂದೊಂದು ಗಡುವು. ಕಾಯ್ದೆಯ 13(4)ನೇ ಕಲಮು ಇದನ್ನು ಬಿಡಿಸಿಯೇ ಹೇಳುತ್ತದೆ. ಚಿತ್ರಕ್ಕೆ ಬಿಡುಗಡೆಯಿಂದ ಅರವತ್ತು; ಕತೆ, ಹಾಡಿನ ಸಾಹಿತ್ಯ, ಸಂಗೀತಕ್ಕೆ ಬರೆದವರ ಆಯುಷ್ಯ ಮತ್ತು ಸತ್ತ ಮೇಲೆ ಅರವತ್ತು. ಇಬ್ಬರು ಕೂಡಿ ಬರೆದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ.

1967ರ 'ಬೆಳ್ಳಿಮೋಡ'ವನ್ನೇ ನೋಡಿ. ಚಿತ್ರದ ಹಕ್ಕು 2027ರ ಡಿಸೆಂಬರ್ 31ರವರೆಗೆ. ಕಾದಂಬರಿ ಬರೆದ ತ್ರಿವೇಣಿ 1963ರಲ್ಲೇ ತೀರಿಕೊಂಡರು, ಹಾಗಾಗಿ ಕತೆಯ ಹಕ್ಕು 2023ಕ್ಕೇ ಮುಗಿದಿದೆ. ಚಿತ್ರಕ್ಕಿಂತ ಕತೆ ಮೊದಲೇ ಎಲ್ಲರದಾಯಿತು. ಆದರೆ ಚಿತ್ರದಲ್ಲಿ ಬೇಂದ್ರೆಯವರ 'ಮೂಡಲ ಮನೆಯ' ಹಾಡಿದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಆ ಕವಿತೆಗೆ 2041ರವರೆಗೆ ಕಾವಲಿದೆ. 2028ರ ಜನವರಿಯಲ್ಲಿ ಚಿತ್ರದಿಂದ ಆ ಹಾಡನ್ನಷ್ಟೇ ಕತ್ತರಿಸಿ ರೀಲ್ಸ್ ಮಾಡುವವರು ಇಲ್ಲೇ ಎಡವುತ್ತಾರೆ.

"ಹಾಡು ಬರೆಸಿದ್ದು ನಿರ್ಮಾಪಕರಲ್ಲೇನ್ರೀ?" ಎಂಬ ಪ್ರಶ್ನೆ ಸರಿಯಾದದ್ದೇ. ದುಡ್ಡು ಕೊಟ್ಟು ಬರೆಸಿದ ಹಾಡಿನ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕರದು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಆದರೆ ಒಡೆಯ ಬದಲಾದರೆ ಗಡುವು ಬದಲಾಗದು. ಮೇಲಾಗಿ ಬೇಂದ್ರೆಯವರ ಕವಿತೆ ಚಿತ್ರಕ್ಕಾಗಿ ಬರೆದದ್ದಲ್ಲ, ಅದಕ್ಕಿಂತ ಎಷ್ಟೋ ಹಿಂದಿನದು. 2012ರ ತಿದ್ದುಪಡಿ ಬಂದ ಮೇಲೆ ರಾಯಲ್ಟಿಯ, ಅಂದರೆ ಹಾಡು ಬಳಸಿದಾಗ ಬರೆದವರಿಗೆ ಸಲ್ಲುವ ಪಾಲಿನ, ಮಾತು ಇನ್ನಷ್ಟು ತೊಡಕಾಗಿದೆ. ಕರಾರು ಓದದೆ ಯಾವ ವಕೀಲನೂ ಖಚಿತ ಉತ್ತರ ಕೊಡಲಾರ, ಕೊಟ್ಟರೆ ನಂಬಬೇಡಿ.

ಮುಚ್ಚಿಹೋದ ಟಾಕೀಸಿನ ಅಟ್ಟದಲ್ಲಿ ರೀಲಿನ ಡಬ್ಬಿ ಸಿಕ್ಕಿತೆಂದು ಹಿಗ್ಗುವವರೂ ಇದ್ದಾರೆ. ಪಾಪ, ಅವರ ಸಂತೋಷ ಕೆಡಿಸಲು ಮನಸ್ಸಾಗುವುದಿಲ್ಲ. ಡಬ್ಬಿ ನಿಮ್ಮದಾಗಬಹುದು, ಹಕ್ಕು ಆಗದು. ಹಂಚಿಕೆದಾರರ ಹಳೆ ಕಾಗದವೂ ಸಾಮಾನ್ಯವಾಗಿ ಇಂತಿಷ್ಟು ವರ್ಷ, ಇಂತಿಂಥ ಜಿಲ್ಲೆಗಳಲ್ಲಿ ಪ್ರದರ್ಶಿಸಲು ಕೊಟ್ಟ ಪರವಾನಿಗೆ ಅಷ್ಟೆ.

ಬಣ್ಣ ತುಂಬಿದ ಪ್ರತಿಯ ಗೋಜಿಗೂ ಹೋಗಬೇಡಿ. 1965ರ 'ಸತ್ಯ ಹರಿಶ್ಚಂದ್ರ'ದ ಅವಧಿ 2025ರ ಕೊನೆಯವರೆಗೆ. ಬಣ್ಣದಲ್ಲಿ ಅದು ಬಂದದ್ದು 2008ರಲ್ಲಿ. ಹೊಸ ಪ್ರತಿಗೆ ಹೊಸ ಹಕ್ಕು ಹುಟ್ಟುತ್ತದೆಯೇ ಎಂಬುದು ವಾದಕ್ಕೆ ಆಸ್ಪದವಿರುವ ಸಂಗತಿ, ಹಳೆ ಕಪ್ಪುಬಿಳುಪೇ ಕ್ಷೇಮ.

ಕಾಪಿರೈಟ್ ಕಚೇರಿಯ ನೋಂದಣಿಯಲ್ಲಿ ಹೆಸರು ಸಿಗಲಿಲ್ಲವೆಂದು ಹಿಗ್ಗಬೇಡಿ, ನೋಂದಣಿ ಕಡ್ಡಾಯವಲ್ಲ. ನನ್ನಲ್ಲಿಗೆ ಬರುವಾಗ ಪೆನ್‌ಡ್ರೈವ್ ಬೇಡ. ಟೈಟಲ್ ಕಾರ್ಡಿನಲ್ಲಿರುವ ಕತೆ, ಸಂಭಾಷಣೆ, ಸಾಹಿತ್ಯ, ಸಂಗೀತದವರ ಹೆಸರುಗಳನ್ನು ಬರೆದು, ಮುಂದೆ ಅವರು ತೀರಿಕೊಂಡ ಇಸವಿ ಹಾಕಿಕೊಂಡು ಬನ್ನಿ.