ಲಿನಕ್ಸ್ ಹೊಸಬರಿಗೆ ಕೈಕೊಡುವುದು ಎಲ್ಲಿ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಜಾಸ್ತಿಯಾಗಿದ್ದಾರೆ. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. "ಲಿನಕ್ಸ್ ಹಾಕಿಕೊಡಿ ಸಾರ್, ಆ ಕಪ್ಪು ಪರದೆ ಮಾತ್ರ ಬೇಡ" ಅನ್ನುತ್ತಾರೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ. ಕಪ್ಪು ಪರದೆ ಅಂದರೆ ಟರ್ಮಿನಲ್, ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಜಾಗ.

ಟರ್ಮಿನಲ್ ಕಾಣದಂತೆ ಮಾಡಿದರೆ ಲಿನಕ್ಸ್ ಸುಲಭವಾಗುತ್ತದೆ ಎಂದು ತಯಾರಿಸುವವರೂ ಬಹಳ ಕಾಲ ಅಂದುಕೊಂಡಿದ್ದರು. ನನಗೆ ಹಾಗನ್ನಿಸುವುದಿಲ್ಲ. ಮೆನು, ಐಕಾನು, ಇನ್‌ಸ್ಟಾಲ್ ಮಾಡುವ ಕ್ರಮ ಇವೆಲ್ಲ ಎಂದೋ ದಾರಿಗೆ ಬಂದಿವೆ. ಲಿನಕ್ಸ್‌ಗೆ ಹಲವು ರೂಪಗಳಿವೆ, ಅವುಗಳಲ್ಲಿ 2004ರಲ್ಲಿ ಶುರುವಾದ ಉಬುಂಟು ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿತು. ಕೇಳಿದವರಿಗೆ ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, 2011ರವರೆಗೂ. ಹೊಸಬರು ಎಡವುವುದು ಇನ್‌ಸ್ಟಾಲ್ ಆದ ಮೇಲೆ, ಏನೋ ಒಂದು ಕೆಟ್ಟಾಗ. ಆ ಹೊತ್ತಿಗೆ ಪರದೆ ಏನು ಹೇಳುತ್ತದೆ ಅನ್ನುವುದರ ಮೇಲೆ ಅವರು ಉಳಿಯುತ್ತಾರೋ ಓಡುತ್ತಾರೋ ತೀರ್ಮಾನವಾಗುತ್ತದೆ.

2021ರ ನವೆಂಬರ್‌ನಲ್ಲಿ ನಡೆದದ್ದು ನೋಡಿ. ಯೂಟ್ಯೂಬ್‌ನ ಲೈನಸ್ ಸೆಬಾಸ್ಟಿಯನ್ ಲಿನಕ್ಸ್‌ನಲ್ಲಿ ಗೇಮ್ ಆಡುತ್ತೇನೆಂದು ಪಾಪ್ ಓಎಸ್ ಎಂಬ ಇನ್ನೊಂದು ರೂಪ ಹಾಕಿಕೊಂಡರು. ಗೇಮ್‌ಗಳನ್ನು ಕೊಂಡು ಆಡುವ ಸ್ಟೀಮ್ ಬೇಕಿತ್ತು. ಮೊದಲು ಪಾಪ್ ಓಎಸ್‌ನದೇ ಆ್ಯಪ್ ಅಂಗಡಿಯಲ್ಲಿ ಒತ್ತಿದರು. ಆಗುವುದಿಲ್ಲ ಎಂದಿತು. ಅದು ತಡೆದದ್ದು ಸರಿಯೇ. ಲಿನಕ್ಸ್‌ನಲ್ಲಿ ತಂತ್ರಾಂಶ ಬರುವುದು ಪ್ಯಾಕೇಜ್ ಎಂಬ ಕಟ್ಟಿನಲ್ಲಿ; ಆ ಹೊತ್ತಿಗೆ ಸ್ಟೀಮ್ ಪ್ಯಾಕೇಜಿನ ಜೋಡಣೆಯಲ್ಲಿ ತೊಂದರೆ ಇತ್ತು, ಅದನ್ನು ಹಾಕಬೇಕೆಂದರೆ ಡೆಸ್ಕ್‌ಟಾಪ್ ಅನ್ನೇ ಕಿತ್ತುಹಾಕಬೇಕಿತ್ತು. ಆದರೆ ಯಾಕೆ ಆಗುವುದಿಲ್ಲ ಅಂತ ಮನುಷ್ಯರಿಗೆ ತಿಳಿಯುವ ಹಾಗೆ ಹೇಳಲಿಲ್ಲ. ಹೊಸಬರು ಏನು ಮಾಡುತ್ತಾರೆ? ಗೂಗಲ್ ಮಾಡುತ್ತಾರೆ, ಅಲ್ವಾ. ಅಲ್ಲಿ ಸಿಕ್ಕ ಆದೇಶವನ್ನು ಟರ್ಮಿನಲ್‌ಗೆ ಹಾಕಿದರು. ಪ್ಯಾಕೇಜುಗಳನ್ನು ನಿಭಾಯಿಸುವ ಆಪ್ಟ್ ಉದ್ದನೆಯ ಪಟ್ಟಿ ಸುರಿದು, ಇವೆಲ್ಲ ಅಗತ್ಯದ ಪ್ಯಾಕೇಜುಗಳು, ತೆಗೆಯಬಾರದು ಎಂದು ಎಚ್ಚರಿಸಿತು. ಕೊನೆಗೆ, ಮುಂದುವರಿಯಬೇಕಾದರೆ "ಹೌದು, ನಾನು ಹೇಳಿದ ಹಾಗೆ ಮಾಡು" ಎಂಬರ್ಥದ ಇಂಗ್ಲಿಷ್ ಸಾಲನ್ನು ಟೈಪ್ ಮಾಡಿ ಎಂದಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು.

ಓದದೇ ಒತ್ತಿದ್ದು ಅವರ ತಪ್ಪು ಎಂದು ಹಳೇ ಲಿನಕ್ಸ್ ಬಳಕೆದಾರರು ಗೇಲಿ ಮಾಡಿದರು. ನನಗೆ ಆ ಗೇಲಿ ಹಿಡಿಸಲಿಲ್ಲ. ಒಂದು ಆ್ಯಪ್ ಹಾಕಲು ಹೋದವನಿಗೆ ಮನೆಯ ಗೋಡೆ ಬೀಳುತ್ತದೆಂದು ಹೇಗೆ ಹೊಳೆಯಬೇಕು? ಒಳ್ಳೆಯ ಸುದ್ದಿ ಏನೆಂದರೆ, ಆಪ್ಟ್ ಮಾಡುವವರು ಗೇಲಿಯಲ್ಲೇ ನಿಲ್ಲಲಿಲ್ಲ. ಅದೇ ತಿಂಗಳು ಆ ಪ್ರಶ್ನೆಯನ್ನೇ ತೆಗೆದುಹಾಕಿದರು. ಈಗ ಅಗತ್ಯದ ಪ್ಯಾಕೇಜನ್ನು ಕೀಳಲು ಹೊರಟರೆ ಆಪ್ಟ್ ಅಲ್ಲಿಗೇ ನಿಲ್ಲುತ್ತದೆ. ನಿಜವಾಗಿಯೂ ಬೇಕಿದ್ದವರು ಬೇರೆ ಆಯ್ಕೆಯನ್ನು ಆದೇಶಕ್ಕೆ ಸೇರಿಸಿಯೇ ಕೊಡಬೇಕು.

ಇದಕ್ಕಿಂತ ಸಣ್ಣದು, ಆದರೆ ದಿನಾ ಕಾಣುತ್ತಿದ್ದದ್ದು ಬೀಗದ ಸಮಸ್ಯೆ. ಒಂದು ಕೆಲಸ ನಡೆಯುವಾಗ ಇನ್ನೊಂದು ನಡುವೆ ಬರದಂತೆ ಆಪ್ಟ್ ಹಾಕಿಕೊಳ್ಳುವ ತಡೆಯೇ ಈ ಬೀಗ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಹಿಂದುಗಡೆ ಅಪ್‌ಡೇಟ್ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಆಗ ಬೇರೇನಾದರೂ ಹಾಕಲು ಹೋದರೆ ಹಿಂದೆಲ್ಲ "ಬೀಗ ಸಿಗಲಿಲ್ಲ" ಎಂದು ಒಂದು ಕಡತದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಐದು ನಿಮಿಷ ಸುಮ್ನೆ ಕಾದಿದ್ದರೆ ಸಾಕಿತ್ತು. ಹಾಗೆಂದು ಯಾರೂ ಹೇಳುತ್ತಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುತ್ತಿದ್ದ ಉತ್ತರ ಆ ಬೀಗದ ಕಡತವನ್ನೇ ಅಳಿಸಿ ಎಂಬುದು. ನಡುವೆ ಅಳಿಸಿದರೆ ಅರ್ಧ ಹಾಕಿದ ಪ್ಯಾಕೇಜುಗಳು ಉಳಿದು ನಿಜವಾದ ರಗಳೆ ಶುರುವಾಗುತ್ತದೆ. 2020ರಿಂದೀಚೆಗಿನ ಆಪ್ಟ್ ಬೀಗಕ್ಕಾಗಿ ತಾನೇ ಕಾಯುತ್ತದೆ, ಯಾರು ಹಿಡಿದಿದ್ದಾರೆ ಎಂದೂ ತೋರಿಸುತ್ತದೆ. ಬಣ್ಣ ಬದಲಾಗಲಿಲ್ಲ, ಬಟನ್ ಬರಲಿಲ್ಲ. ಆದರೂ ನನಗೆ ಬರುವ ಫೋನುಗಳು ಕಡಿಮೆಯಾದದ್ದು ಇಂಥವುಗಳಿಂದಲೇ.

ಪಾಸ್‌ವರ್ಡ್ ವಿಷಯವೂ ಹಾಗೇ. ಸಿಸ್ಟಂ ಬದಲಾಯಿಸುವ ಆದೇಶಕ್ಕೆ ಅನುಮತಿ ಕೊಡುವ ಸುಡೋ ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದರೆ ಹಲವು ಲಿನಕ್ಸ್‌ಗಳಲ್ಲಿ ಚುಕ್ಕಿಯೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಎಷ್ಟು ಅಕ್ಷರ ಅಂತ ಗೊತ್ತಾಗಬಾರದು ಎಂಬುದು ಕಾರಣ. ಹೊಸಬರು ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಲಿನಕ್ಸ್ ಮಿಂಟ್ ಎಂಬ ರೂಪದಲ್ಲಿ ನಕ್ಷತ್ರದ ಗುರುತು ಬರುತ್ತದೆ. ಮನೆಯ ಲ್ಯಾಪ್‌ಟಾಪಿಗೆ ಅದೇ ಸರಿ.

ಹೊಸಬರಿಗೆ ನಾನು ಮಿಂಟ್ ಹಾಕಿಕೊಡಲು ಇನ್ನೊಂದು ಕಾರಣ ಟೈಮ್‌ಶಿಫ್ಟ್. ಮೊದಲ ಸಲ ತೆರೆದಾಗ ಬರುವ ಸ್ವಾಗತದ ಕಿಟಕಿಯೇ ಅದನ್ನು ಹೊಂದಿಸಿಕೊಳ್ಳಿ ಎನ್ನುತ್ತದೆ. ಸಿಸ್ಟಂ ಇದ್ದ ಸ್ಥಿತಿಯನ್ನು ಹಿಡಿದಿಟ್ಟು, ಕೆಟ್ಟರೆ ಅಲ್ಲಿಗೆ ವಾಪಸು ಹೋಗಲು ಬಿಡುತ್ತದೆ. ನಿಮ್ಮ ಫೋಟೋ, ದಾಖಲೆ ಅದರಲ್ಲಿ ಸೇರಿರುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಬೇಕು. ಇದನ್ನು ಎರಡೆರಡು ಸಲ ಹೇಳಿಯೇ ಕಳಿಸುತ್ತೇನೆ. ವಾಪಸು ಹೋಗುವ ದಾರಿ ಇದೆ ಎಂದು ಗೊತ್ತಾದರೆ ಜನ ಧೈರ್ಯವಾಗಿ ಒತ್ತಿ ನೋಡುತ್ತಾರೆ, ಬೇಗ ಕಲಿಯುತ್ತಾರೆ.

ನಮ್ಮವರಿಗೆ ಮಾತ್ರ ಇನ್ನೊಂದು ತೊಡಕಿದೆ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ರೂಢಿಯಾದವರಿಗೆ ಬೇಕಾದ ಕಗಪ ಎಂಬ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ. ಡೌನ್‌ಲೋಡ್ ಬೇಡ. ಆದರೆ ಅದು ಕೀಬೋರ್ಡ್ ಸೆಟ್ಟಿಂಗಿನ ಉದ್ದನೆಯ ಪಟ್ಟಿಯಲ್ಲಿ ಎಲ್ಲೋ ಕೂತಿರುತ್ತದೆ, ಹೇಳದೆ ಯಾರಿಗೂ ಸಿಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ "ಕನ್ನಡದಲ್ಲಿ ಟೈಪ್ ಮಾಡುತ್ತೀರಾ?" ಎಂದು ಒಂದು ಪ್ರಶ್ನೆ ಕೇಳಿದರೆ ಆಗುತ್ತಿತ್ತು. ಹಳೇ ನುಡಿ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ್ದಾದರೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಜನ ಲಿನಕ್ಸ್ ಕಡತ ಕೆಡಿಸಿತು ಎಂದು ಹೆದರುತ್ತಾರೆ. ಕೆಟ್ಟಿರುವುದಿಲ್ಲ, ಯೂನಿಕೋಡ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ತರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಹಳೇ ಪತ್ರಗಳು ಯಾವುದರಲ್ಲಿ ಟೈಪ್ ಆಗಿವೆ, ಒಂದೆರಡು ಪೆನ್‌ಡ್ರೈವ್‌ನಲ್ಲಿ ತನ್ನಿ, ವಿಂಡೋಸ್ ಅಳಿಸುವ ಮೊದಲೇ ನೋಡೋಣ.