ಊಟ ಸೇರದ ದಿನ: ಕ್ಷಯದ ಮಾತ್ರೆ ಮತ್ತು ಯಕೃತ್ತು

ಕ್ಷಯಕ್ಕೆ ಚಿಕಿತ್ಸೆ ಆರಂಭಿಸಿದವರು ಮೊದಲು ಗಾಬರಿಯಾಗುವುದು ಸಾಮಾನ್ಯವಾಗಿ ಬಚ್ಚಲುಮನೆಯಲ್ಲಿ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಅದೇ ಛಾಯೆ ಬರಬಹುದು. ಅದು ರಿಫಾಂಪಿಸಿನ್ ಎಂಬ ಔಷಧದ ಸ್ವಂತ ಬಣ್ಣ, ಹೆದರಬೇಕಾಗಿಲ್ಲ ಎಂದು ಮಾತ್ರೆ ಕೊಡುವವರು ಮೊದಲೇ ಹೇಳಿಬಿಟ್ಟರೆ ರೋಗಿಗೆ ಧೈರ್ಯ ಬರುತ್ತದೆ. ಆದರೆ ಆ ಧೈರ್ಯವೇ ಮುಂದೆ ಒಂದು ಅಪಾಯವನ್ನು ಮರೆಮಾಚಲೂಬಹುದು. ಇದೇ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದು ಕಾಮಾಲೆ ತಲೆದೋರಿದಾಗಲೂ ಮೂತ್ರ ಗಾಢವಾಗುತ್ತದೆ. ಅದನ್ನು ಮಾತ್ರೆಯ ಬಣ್ಣವೆಂದೇ ತಿಳಿದು ಸುಮ್ಮನಿರುವವರಿದ್ದಾರೆ. ವ್ಯತ್ಯಾಸ ತಿಳಿಯುವುದು ಕಣ್ಣಿನಲ್ಲಿ. ಕಿತ್ತಳೆ ಮೂತ್ರ ಬರಿಯ ಔಷಧದ್ದಾದರೆ ಕಣ್ಣಿನ ಬಿಳಿ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಕಾಮಾಲೆಯಾಗಿದ್ದರೆ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನಿಂತು, ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ತುಸು ಎಳೆದು ನೋಡಿದಾಗ ಅಲ್ಲಿ ಅರಿಶಿನದ ಛಾಯೆ ಕಾಣುತ್ತದೆ.

ಮೊದಲ ಎರಡು ತಿಂಗಳು ರೋಗಿಗೆ ಕೊಡುವುದು ನಾಲ್ಕು ಔಷಧಗಳು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಎಥಾಂಬುಟಾಲ್. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ, ರೋಗಿಯ ತೂಕ ನೋಡಿ ದಿನಕ್ಕೆ ಎಷ್ಟೆಂದು ನಿರ್ಧರಿಸುತ್ತಾರೆ. ಎಥಾಂಬುಟಾಲ್ ತೊಂದರೆ ಕೊಟ್ಟರೆ ಕಣ್ಣಿನ ದೃಷ್ಟಿಗೆ ಕೊಡುತ್ತದೆಯೇ ಹೊರತು ಯಕೃತ್ತಿನ ತಂಟೆಗೆ ಹೋಗುವುದು ತೀರ ಅಪರೂಪ. ಉಳಿದ ಮೂರೂ ಯಕೃತ್ತಿಗೆ ಹಾನಿ ಮಾಡಬಲ್ಲವು. ಅವುಗಳಲ್ಲಿ ಪೈರಾಜಿನಮೈಡ್ ಹೆಚ್ಚು ಅಪಾಯಕಾರಿ.

ಐಸೋನಿಯಾಜಿಡ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಂದೇ ಮಾತ್ರೆ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಅದರಲ್ಲಿದೆ. ಈ ಔಷಧವನ್ನು ದೇಹದಿಂದ ಹೊರಹಾಕಲು ಯಕೃತ್ತಿನ ಎನ್ಎಟಿ-2 ಎಂಬ ಕಿಣ್ವ ಅದಕ್ಕೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಜೋಡಿಸುತ್ತದೆ. ಹಾಗೆ ಜೋಡಿಸಿದ್ದು ಒಡೆದಾಗ ಅಸಿಟೈಲ್ ಹೈಡ್ರಜಿನ್ ಹುಟ್ಟುತ್ತದೆ. ಅದಕ್ಕೆ ಮತ್ತೊಮ್ಮೆ ಅಸಿಟೈಲ್ ಜೋಡಿಸಿ ನಿರುಪದ್ರವಿಯಾಗಿಸುವ ಕೆಲಸವೂ ಅದೇ ಕಿಣ್ವದ್ದು. ಈ ಕಿಣ್ವದ ವೇಗವನ್ನು ನಿರ್ಧರಿಸುವುದು ತಂದೆ ತಾಯಿಯರಿಂದ ಬಂದ ಜೀನ್. ನಿಧಾನವಾಗಿ ಕೆಲಸ ಮಾಡುವ ಕಿಣ್ವ ಇರುವವರಲ್ಲಿ ಉಳಿದುಹೋದ ಪದಾರ್ಥ ಬೇರೆ ದಾರಿ ಹಿಡಿದು, ಯಕೃತ್ತಿನ ಜೀವಕೋಶಗಳಿಗೇ ಅಂಟಿ ಅವನ್ನು ಕೆಡಿಸುವ ರೂಪ ತಾಳುತ್ತದೆ. ಭಾರತೀಯರಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಇಂತಹ ನಿಧಾನದ ಗುಂಪಿಗೆ ಸೇರಿದವರು. ಜೊತೆಗೆ ನುಂಗುವ ರಿಫಾಂಪಿಸಿನ್ ಯಕೃತ್ತಿನ ಇತರ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ವಿಷಕಾರಿ ದಾರಿ ಇನ್ನಷ್ಟು ಅಗಲವಾಗುತ್ತದೆ. ಮದ್ಯಪಾನ, ಹೆಪಟೈಟಿಸ್ ಬಿ ಸೋಂಕು, ಎಚ್ಐವಿ, ಇಳಿವಯಸ್ಸು ಮತ್ತು ಅಪೌಷ್ಟಿಕತೆ ಇದರ ಮೇಲಿನ ಹೊರೆ. ಕ್ಷಯ ಹೆಚ್ಚಾಗಿ ಬರುವುದೇ ಹೊಟ್ಟೆಗೆ ಸಾಲದವರಿಗೆ ಎಂಬುದನ್ನು ಇಲ್ಲಿ ಮರೆಯಬಾರದು.

ಈ ಅಪಾಯ ವೈದ್ಯಲೋಕಕ್ಕೆ ಸರಿಯಾಗಿ ಮನದಟ್ಟಾದದ್ದು ಐಸೋನಿಯಾಜಿಡ್ ಬಳಕೆಗೆ ಬಂದ ಸುಮಾರು ಎರಡು ದಶಕಗಳ ನಂತರ. 1970ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಕ್ಷಯ ಕಾಣಿಸಿಕೊಂಡಾಗ ಅಲ್ಲಿನ 2,321 ನೌಕರರಿಗೆ ಮುನ್ನೆಚ್ಚರಿಕೆಯಾಗಿ ಐಸೋನಿಯಾಜಿಡ್ ಕೊಡಲಾಯಿತು. ಅವರಲ್ಲಿ 19 ಮಂದಿಗೆ ಯಕೃತ್ತಿನ ಉರಿಯೂತವಾಯಿತು, ಇಬ್ಬರು ತೀರಿಕೊಂಡರು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು, ಔಷಧಗಳಿಂದ ಯಕೃತ್ತು ಕೆಟ್ಟು ತಮ್ಮ ಆಸ್ಪತ್ರೆಗೆ ಬಂದ 313 ರೋಗಿಗಳ ವಿವರಗಳನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 58ರಷ್ಟು ಮಂದಿಯ ಯಕೃತ್ತು ಕೆಟ್ಟಿದ್ದು ಕ್ಷಯದ ಔಷಧಗಳಿಂದ. ಒಟ್ಟು ರೋಗಿಗಳಲ್ಲಿ ಆರರಲ್ಲಿ ಒಬ್ಬರಷ್ಟು ಮಂದಿ ಬದುಕಲಿಲ್ಲ. ಇದು ಆಸ್ಪತ್ರೆಯವರೆಗೆ ಬಂದವರ ಲೆಕ್ಕ. ಮಾತ್ರೆ ನುಂಗುವ ಬಹುಪಾಲು ಜನರಿಗೆ ಇಂಥದ್ದೇನೂ ಆಗದೆ ಕ್ಷಯ ವಾಸಿಯಾಗುತ್ತದೆ.

ಕಣ್ಣು ಹಳದಿಯಾಗುವುದನ್ನು ಕಾಯುತ್ತ ಕೂತರೆ ತಡವಾಗುತ್ತದೆ ಎಂಬುದು ನಾನು ಒತ್ತಿ ಹೇಳಬೇಕಾದ ಮಾತು. ಅದಕ್ಕೂ ಎಷ್ಟೋ ದಿನ ಮೊದಲು ಊಟ ಸೇರದಾಗುತ್ತದೆ. ಮೊನ್ನೆಯವರೆಗೆ ಎರಡು ಮುದ್ದೆ ಉಣ್ಣುತ್ತಿದ್ದವರು ಒಗ್ಗರಣೆಯ ವಾಸನೆಗೇ ಮುಖ ತಿರುಗಿಸುತ್ತಾರೆ, ವಾಂತಿ ಮಾಡುತ್ತಾರೆ, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರವೆನ್ನುತ್ತಾರೆ, ಕಾರಣವಿಲ್ಲದ ಸುಸ್ತಿನಲ್ಲಿ ಮಲಗಿಯೇ ಇರುತ್ತಾರೆ. ಹೆಚ್ಚಿನವರಲ್ಲಿ ಇದು ಮೊದಲ ಎರಡು ತಿಂಗಳೊಳಗೇ ಕಾಣಿಸಿಕೊಳ್ಳುತ್ತದೆ. ಮಾತ್ರೆ ಹೊಟ್ಟೆಗೆ ಒಗ್ಗದೆ ಬರುವ ವಾಕರಿಕೆಯೂ ಹೀಗೆಯೇ ಇರುವುದರಿಂದ ಮನೆಯಲ್ಲಿ ಕುಳಿತು ಇವೆರಡನ್ನೂ ಬೇರ್ಪಡಿಸಲಾಗದು, ರಕ್ತಪರೀಕ್ಷೆಯೇ ಬೇಕು. ಲ್ಯಾಬಿನ ಚೀಟಿಯಲ್ಲಿ ಎಸ್‌ಜಿಪಿಟಿ ಎಂದಿರುವ ಕಿಣ್ವ ಯಕೃತ್ತಿನ ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೋರುತ್ತದೆ. ಲಕ್ಷಣಗಳಿದ್ದು ಅದು ಸಹಜ ಮಿತಿಯ ಮೂರು ಪಟ್ಟು ಮೀರಿದರೆ, ಲಕ್ಷಣವಿಲ್ಲದಿದ್ದರೂ ಐದು ಪಟ್ಟು ಮೀರಿದರೆ, ಯಕೃತ್ತಿಗೆ ಹಾನಿ ಮಾಡುವ ಮೂರೂ ಔಷಧಗಳನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ಕಡಿಮೆ ಏರಿಕೆ ಅನೇಕರಲ್ಲಿ ಕಾಣುತ್ತದೆ. ಮಾತ್ರೆ ಮುಂದುವರಿದಂತೆಯೇ ಯಕೃತ್ತು ಹೊಂದಿಕೊಂಡು ಅದು ತಾನೇ ಇಳಿಯುತ್ತದೆ.

ಇಂಥ ಲಕ್ಷಣ ಕಂಡವರು ಅಂದಿನ ಮಾತ್ರೆಯನ್ನು ನುಂಗದೆ ಅಂದೇ ವೈದ್ಯರ ಬಳಿ ಹೋಗಬೇಕು. ಯಾರಿಗೂ ಹೇಳದೆ ಬಿಟ್ಟು ಮನೆಯಲ್ಲಿ ಕುಳಿತರೆ ಕ್ಷಯ ಮರಳುತ್ತದೆ, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ನಮ್ಮ ಊರುಗಳಲ್ಲಿ ಕಾಮಾಲೆ ಎಂದೊಡನೆ ಸೊಪ್ಪಿನ ರಸ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯಕ್ಕೆ ಕೂರಿಸುವುದು ವಾಡಿಕೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಈ ಕಾಮಾಲೆಯ ಕಾರಣ ಮಾತ್ರೆಯಲ್ಲಿದೆ. ಮಾತ್ರೆಯೂ ನಡೆದು ಸೊಪ್ಪಿನ ರಸವೂ ನಡೆದರೆ ಯಕೃತ್ತಿಗೆ ಬಿಡುವೇ ಸಿಗುವುದಿಲ್ಲ. ಮೊದಲೇ ಬಡಕಲಾದ ದೇಹಕ್ಕೆ ಬರಿಯ ಗಂಜಿಯ ಪಥ್ಯ ಇನ್ನೊಂದು ಪೆಟ್ಟು.

ಔಷಧ ನಿಲ್ಲಿಸಿದರೆ ಕ್ಷಯದ ಗತಿಯೇನು ಎಂಬ ಭಯ ಸಹಜ. ರೋಗ ತೀವ್ರವಾಗಿದ್ದರೆ ಆ ಅವಧಿಯಲ್ಲಿ ಎಥಾಂಬುಟಾಲ್, ಲಿವೊಫ್ಲಾಕ್ಸಾಸಿನ್‌ನಂತಹ, ಯಕೃತ್ತಿಗೆ ಹೆಚ್ಚು ಹೊರೆಯಾಗದ ಔಷಧಗಳನ್ನು ಕೊಡುತ್ತಾರೆ. ಎಸ್‌ಜಿಪಿಟಿ ಸಹಜ ಮಿತಿಯ ಎರಡು ಪಟ್ಟಿಗಿಂತ ಕೆಳಗಿಳಿದ ಮೇಲೆ ಸಾಮಾನ್ಯವಾಗಿ ರಿಫಾಂಪಿಸಿನ್ ಮೊದಲು, ಕೆಲವು ದಿನ ಬಿಟ್ಟು ಐಸೋನಿಯಾಜಿಡ್, ಹೀಗೆ ಒಂದೊಂದಾಗಿ ಮರಳಿ ಸೇರಿಸುತ್ತ ಪ್ರತಿ ಹಂತದಲ್ಲೂ ರಕ್ತ ನೋಡುತ್ತಾರೆ. ಯಾವುದನ್ನು ಸೇರಿಸಿದಾಗ ಅಂಕಿ ಮತ್ತೆ ಏರಿತೋ ಅದೇ ತಪ್ಪಿತಸ್ಥ. ದೆಹಲಿಯ ಏಮ್ಸ್ ವೈದ್ಯರು ಹೀಗೆ ಔಷಧಗಳನ್ನು ಮರಳಿ ಕೊಟ್ಟ 175 ರೋಗಿಗಳಲ್ಲಿ ತೊಂದರೆ ಮರುಕಳಿಸಿದ್ದು 19 ಮಂದಿಗೆ ಮಾತ್ರ. ಹಾನಿ ತೀವ್ರವಾಗಿದ್ದವರಿಗೆ ಪೈರಾಜಿನಮೈಡ್ ಮತ್ತೆ ಕೊಡುವ ಗೋಜಿಗೆ ಹೋಗುವುದಿಲ್ಲ. ಆಗ ಆರು ತಿಂಗಳ ಚಿಕಿತ್ಸೆ ಸುಮಾರು ಒಂಬತ್ತು ತಿಂಗಳಿಗೆ ಲಂಬಿಸುತ್ತದೆ.