ತುಕ್ಕು ಹಿಡಿದ ಬೋಲ್ಟೂ ಬಂಡಿ ಗಾಲಿಯ ಪಟ್ಟಿಯೂ

ತೂತಿರುವ ಲೋಹವನ್ನು ಕಾಯಿಸಿದರೆ ತೂತು ಕಿರಿದಾಗುತ್ತದೆ ಎಂದು ನಂಬಿದವರು ಬಹಳ ಮಂದಿ. ಲೋಹ ಒಳಕ್ಕೂ ಹಿಗ್ಗುತ್ತದಲ್ಲ ಎಂಬುದು ಅವರ ವಾದ. ಹಳೆಯ ಎಂಜಿಬಿ ಕಾರಿನ ಮುಂದಿನ ಬ್ರೇಕ್ ಕ್ಯಾಲಿಪರ್ (ಗಾಲಿಯ ಜೊತೆ ತಿರುಗುವ ತಟ್ಟೆಯನ್ನು ಅದುಮಿ ನಿಲ್ಲಿಸುವ ಭಾಗ) ಬಿಚ್ಚಲು ಕೂತವರು ಈ ನಂಬಿಕೆಯನ್ನು ಮೊದಲು ಬಿಡಬೇಕು.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಇದು. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಬೋಲ್ಟ್‌ನ ತಿರುಪುಗೆರೆಗಳ, ಅಂದರೆ ಥ್ರೆಡ್‌ಗಳ ಸಂದಿಗೆ ಇಳಿದರೆ ಕಬ್ಬಿಣ ತುಕ್ಕಾಗುತ್ತದೆ. ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಆ ತುಕ್ಕಿಗೆ ಬೇಕು. ಜಾಗವಿಲ್ಲದ ಕಡೆ ಅದು ಬೆಣೆಯಾಗಿ ಕೂರುತ್ತದೆ.

ಬಿಚ್ಚಬೇಕಾದದ್ದು ಒಳಬದಿಯಿಂದ ಕ್ಯಾಲಿಪರ್‌ಗೆ ಹೊಕ್ಕ ಎರಡು ಬೋಲ್ಟ್‌ಗಳನ್ನು ಮಾತ್ರ. ಕ್ಯಾಲಿಪರ್‌ನ ಎರಡು ಹೋಳುಗಳನ್ನು ಬಿಗಿದಿರುವ ಬೋಲ್ಟ್‌ಗಳನ್ನು ಮುಟ್ಟಬಾರದು. ಬಿಚ್ಚಬೇಕಾದ ಬೋಲ್ಟ್ ತಾನೇ ಸಡಿಲವಾಗದಂತೆ ಅದರ ತಲೆಯ ಪಕ್ಕಕ್ಕೆ ಮಡಚಿದ ಲಾಕ್ ವಾಷರ್‌ನ ಕಿವಿಯನ್ನು ಉಳಿಯಿಂದ ಚಪ್ಪಟೆ ಮಾಡಿಕೊಳ್ಳಿ. ಇದನ್ನು ಮರೆತು ತುಕ್ಕನ್ನು ಬೈಯುವವರೇ ಹೆಚ್ಚು. ಹಿಂದಿನ ರಾತ್ರಿಯೇ ತೆಳು ಎಣ್ಣೆ ಹಾಕಿಡಿ. ಎಲ್ಲರ ಕೈಗೂ ಸಿಗುವ ಡಬ್ಲ್ಯುಡಿ-40 ಮೂಲತಃ ನೀರನ್ನು ದೂಡಲು 1953ರಲ್ಲಿ ಸಿದ್ಧವಾದದ್ದು, ಹೆಸರೇ ಅದನ್ನು ಹೇಳುತ್ತದೆ (ಡಬ್ಲ್ಯುಡಿ ಎಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ದೂಡುವಿಕೆ). ಸಂದಿಗೆ ನುಸುಳಲೆಂದೇ ಮಾಡಿದ ಎಣ್ಣೆ ಮೇಲು.

ಆರು ಮೂಲೆಯ 5/8 ಇಂಚಿನ ಸಾಕೆಟನ್ನು ಪೂರ್ತಿ ಕೂರಿಸಿ, ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕೈದು ಏಟು ಕೊಡಿ. 60 ಸೆಂಟಿಮೀಟರ್ ಸರಳಿನ ತುದಿಗೆ 30 ಕಿಲೋ ಭಾರ ಹಾಕಿದರೆ ಸುಮಾರು 176 ನ್ಯೂಟನ್ ಮೀಟರ್ ತಿರುಚುಬಲ ಸಿಗುತ್ತದೆ. ಕಾರ್ಖಾನೆಯಲ್ಲಿ ಬಿಗಿದದ್ದರ ಮೂರು ಪಟ್ಟು. ಇಷ್ಟಕ್ಕೂ ಜಗ್ಗದಿದ್ದರೆ ಬಲ ಸಾಕು, ಬೆಂಕಿ ಬೇಕು.

ಬಂಡಿ ಗಾಲಿಗೆ ಕಮ್ಮಾರ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೆನೆಯಿರಿ. ಪಟ್ಟಿ ಕಾದು ದೊಡ್ಡದಾಗುತ್ತದೆ, ಒಳಗಿನ ಬಯಲೂ ದೊಡ್ಡದಾಗುತ್ತದೆ. ಗಾಲಿಗೆ ತೊಡಿಸಿ ನೀರು ಹೊಯ್ದಾಗ ಕುಗ್ಗಿ ಅಪ್ಪುತ್ತದೆ. ಬಿಗಿದ ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳಕ್ಕೆ ಬಿಸಿನೀರು ಹೊಯ್ಯುವುದೂ ಇದೇ ವಿದ್ಯೆ. ಫೋಟೋವನ್ನು ದೊಡ್ಡದು ಮಾಡಿದರೆ ಮುಖದ ಜೊತೆ ಮೂಗಿನ ಹೊಳ್ಳೆಯೂ ದೊಡ್ಡದಾಗುತ್ತದೆಯಷ್ಟೇ, ಮುಚ್ಚಿಕೊಳ್ಳುವುದಿಲ್ಲ.

11 ಮಿಲಿಮೀಟರ್ ತೂತಿನ ಸುತ್ತಲಿನ ಕಬ್ಬಿಣ 200 ಡಿಗ್ರಿ ಹೆಚ್ಚು ಕಾದರೆ ತೂತು ಹಿಗ್ಗುವುದು 0.024 ಮಿಲಿಮೀಟರ್, ಕೂದಲೆಳೆಗಿಂತ ಕಡಿಮೆ. ಆದರೆ ಪೆಡಸಾದ ತುಕ್ಕು ಬಿರಿಯಲು ಅಷ್ಟು ಸಾಕು. ಆದ್ದರಿಂದ ಗ್ಯಾಸ್ ಟಾರ್ಚ್‌ನ ಜ್ವಾಲೆ ಬೀಳಬೇಕಾದದ್ದು ಬೋಲ್ಟ್‌ನ ತಲೆಗಲ್ಲ, ಥ್ರೆಡ್ ಇರುವ ಕ್ಯಾಲಿಪರ್‌ನ ಕಿವಿಗೆ. ಬೋಲ್ಟ್ ಕಾಯುವ ಮೊದಲೇ, ಬೇಗ. ಕೆಂಪಗಾಗಬೇಕಿಲ್ಲ. ತುಸು ಆರಿದ ಮೇಲೆ ಮೇಣದಬತ್ತಿ ಒತ್ತಿದರೆ ಕರಗಿದ ಮೇಣ ಸಂದಿಯೊಳಕ್ಕೆ ತಾನೇ ಹರಿಯುತ್ತದೆ.

ಎಚ್ಚರ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಕಡೆಗೆ ಬೆಂಕಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಹತ್ತಿರದಲ್ಲೇ ಬ್ರೇಕ್ ಎಣ್ಣೆಯ ರಬ್ಬರ್ ಹೋಸ್ ಇರುತ್ತದೆ, ಕ್ಯಾಲಿಪರ್ ಒಳಗಿನ ಪಿಸ್ಟನ್ನಿನ ರಬ್ಬರ್ ಸೀಲ್ ಬೆಂದೇ ಹೋಗುತ್ತದೆ. ಹೊಸ ಸೀಲ್ ಹಾಕುವ ಉದ್ದೇಶವಿದ್ದರೆ ಮಾತ್ರ ಕಾಯಿಸಿ.

ಬೋಲ್ಟ್ ಕಿರ್ರೆಂದರೆ ಒಂದೇ ಉಸಿರಿಗೆ ಬಿಚ್ಚಬೇಡಿ. ಅರ್ಧ ಸುತ್ತು ಹೊರಕ್ಕೆ, ಕಾಲು ಸುತ್ತು ಒಳಕ್ಕೆ, ಮತ್ತೆ ಎಣ್ಣೆ. ತಲೆ ಮುರಿದರೂ ಕೆಲಸ ಕೆಡಲಿಲ್ಲ: ಥ್ರೆಡ್ ಕ್ಯಾಲಿಪರ್‌ನಲ್ಲಿದೆ, ಕ್ಯಾಲಿಪರ್ ಎಳೆದುಕೊಂಡರೆ ಉಳಿದ ಮೋಟು ಹೊರಗೆ ಚಾಚಿರುತ್ತದೆ, ಅದನ್ನು ಪೈಪ್ ರೆಂಚ್‌ನಿಂದ ಹಿಡಿಯಬಹುದು. ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ತೂಗುಬಿಡದೆ ತಂತಿಯಿಂದ ಕಟ್ಟಿಡಿ.